ಎಡೆಗಾಡಿ

ನಮ್ಮೂರಿನಲ್ಲಿ ಇಲಿಗಳು ಹೊರಬೀಳುವುದು ಮಟಮಟ ಮಧ್ಯಾಹ್ನ. ಹನ್ನೆರಡಕ್ಕೆ ಹಳೆಯ ಹತ್ತಿ ಗಿರಣಿಯ ಭೋಂಗಾ ಒಮ್ಮೆ ಕೂಗುತ್ತದೆ, ಒಂದಕ್ಕೆ ಇನ್ನೊಮ್ಮೆ. ಆ ಎರಡು ಕೂಗುಗಳ ನಡುವಿನ ಒಂದು ತಾಸು ಅವುಗಳದ್ದು, ಉಳಿದ ಇಪ್ಪತ್ತಮೂರು ತಾಸು ನಮ್ಮದು. ಈ ಹಂಚಿಕೆ ಯಾರು ಮಾಡಿದರೋ ಯಾರಿಗೂ ಗೊತ್ತಿಲ್ಲ, ಯಾರೂ ಕೇಳುವುದೂ ಇಲ್ಲ. ಶಾಲೆ ಹನ್ನೊಂದೂವರೆಗೆ ಬಿಡುತ್ತದೆ. ಹೆಂಗಸರು ಅಷ್ಟರೊಳಗೆ ರೊಟ್ಟಿ ಬಡಿದು ಮುಗಿಸುತ್ತಾರೆ. ಅಂಗಡಿಯವರು ಷಟರ್ ಎಳೆದುಕೊಂಡು ಒಳಗೇ ಕೂತು ಉಣ್ಣುತ್ತಾರೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರು ಮೊದಲ ವಾರ ಬಾಗಿಲ ಸಂದಿಯಿಂದ ಬೀದಿ ನೋಡಲು ಹವಣಿಸುವುದುಂಟು. ಒಮ್ಮೆ ನೋಡಿದವರು ಮತ್ತೆ ನೋಡುವುದಿಲ್ಲ. ಏನು ಕಂಡಿತೆಂದು ಕೇಳಿದರೆ, "ಏನಿಲ್ರೀ, ಬೀದಿನ ಸರದಾಡಿದಂಗ ಕಂಡ್ತು" ಎನ್ನುತ್ತಾರೆ.

ಇಲಿಗಳಿಗೆ ನಾವು ದಿನಕ್ಕೊಂದು ಗಾಡಿ ಕೊಡುತ್ತೇವೆ. ಅದಕ್ಕೆ ಎಡೆಗಾಡಿ ಎಂದು ಹೆಸರು. ಗಿರಣಿಯ ಅಂಗಳದಲ್ಲಿ, ಬೇವಿನ ಮರದ ಬುಡದಲ್ಲಿ, ಅಂದಿನ ಪಾಳಿಯವರು ತಮ್ಮ ಗಾಡಿ ತಂದು ನಿಲ್ಲಿಸಿ, ಬಾನೆಟ್ ಎತ್ತಿ, ಬ್ಯಾಟರಿ ಬಿಚ್ಚಿಟ್ಟು, ವೈರುಗಳಿಗೆ ಒಂದು ಬೆರಳು ಬೆಲ್ಲದ ನೀರು ಸವರಿ ಮನೆಗೆ ಹೋಗುತ್ತಾರೆ. ಒಂದರ ಭೋಂಗಾ ಆದ ಮೇಲೆ ಬಂದು ನೋಡಿದರೆ ಉಂಡ ಎಲೆ ಎತ್ತಿದಂತೆ ಇರುತ್ತದೆ. ಕೆಲವೊಮ್ಮೆ ನಾಲ್ಕು ವೈರು ರುಚಿ ನೋಡಿ ಬಿಟ್ಟಿರುತ್ತವೆ, ಕೆಲವೊಮ್ಮೆ ಒಂದೆಳೆ ಬಿಡದೆ ಬೋಳಿಸಿರುತ್ತವೆ. ಉಳಿದ ನೂರಾ ಮೂವತ್ತು ಗಾಡಿಗಳನ್ನು ಅವು ಮೂಸುವುದೂ ಇಲ್ಲ. ಗಣಪ್ಪನಿಗೆ ಇಲಿ ವಾಹನ, ನಮ್ಮೂರ ಇಲಿಗೆ ನಮ್ಮ ವಾಹನ ಎಂದು ನಾವೇ ನಗೆಯಾಡಿಕೊಳ್ಳುತ್ತೇವೆ. ಮೋಟಾರು ಬರುವ ಮೊದಲು, ನನ್ನ ಅಜ್ಜ ಚಕ್ಕಡಿ ಮಾಡಿಕೊಡುತ್ತಿದ್ದ ಕಾಲದಲ್ಲಿ, ಅವು ನೊಗ ಬಿಗಿಯುವ ತೊಗಲಿನ ಮಿಣಿ ತಿನ್ನುತ್ತಿದ್ದವಂತೆ.

ಪಾಳಿಯ ಪಟ್ಟಿ ಬರೆಯುವವಳು ಚಂಪವ್ವ. ಗಿರಣಿಯ ಕಾವಲುಗಾರನ ಹೆಂಡತಿಯಾಗಿ ಬಂದವಳು. ಗಿರಣಿ ಮುಚ್ಚಿತು, ಗಂಡ ತೀರಿದ, ಭೋಂಗಾ ಮಾತ್ರ ಅವಳ ಕೈಯಲ್ಲಿ ಉಳಿಯಿತು. ತಿಂದ ಗಾಡಿಯನ್ನು ಸರಿಮಾಡುವವನು ನಾನು, ಮೌನೇಶ ಬಡಿಗೇರ. ಅಪ್ಪ ಬಾಚಿ ಬಿಟ್ಟು ಟೆಸ್ಟರ್ ಹಿಡಿದ, ನಾನು ಅವನ ಕೈ ನೋಡಿ ಕಲಿತೆ. ಕಡಿದ ತುದಿ ಕತ್ತರಿಸಿ, ತಾಮ್ರ ಬೆಳ್ಳಗಾಗುವ ತನಕ ಕೆರೆದು, ಹೊಸ ತುಂಡು ಸೇರಿಸಿ ಬೆಸುಗೆ ಹಾಕಿ, ಮೇಲೆ ರಬ್ಬರ್ ಕೊಳವೆ ಏರಿಸಿ ಟೇಪು ಸುತ್ತಬೇಕು. ಬರೇ ತಿರುವಿ ಟೇಪು ಸುತ್ತಿದರೆ ಮಳೆಗಾಲಕ್ಕೆ ಹಸಿರು ಹಿಡಿದು ಕೈಕೊಡುತ್ತದೆ. ಪೂರ್ತಿ ಬೋಳಾದ ಗಾಡಿಗೆ ಎರಡು ದಿನ ಬೇಕು. ಗಾಡಿ ಅಂಗಳದಿಂದ ಹೊರಡುವ ಮೊದಲು ನಾನು ಬಾನೆಟ್ಟಿಗೆ ಮೂರು ಸಲ ಬಡಿದು, ಬಸ್ಸಿನ ಕಂಡಕ್ಟರನ ಹಾಗೆ "ಇಳೀರಿ, ಊರ ಬಂತು" ಎನ್ನಬೇಕು. ಒಳಗೆ ಯಾವುದಾದರೂ ಮಲಗಿ ಉಳಿದಿದ್ದರೆ ಇಳಿದು ಹೋಗುತ್ತದೆ. ಇದು ಅಪ್ಪನ ಕಾಲದಿಂದ ಬಂದ ಪದ್ಧತಿ, ಯಾವ ಇಲಿಯೂ ನನ್ನ ಮಾತು ಮೀರಿರಲಿಲ್ಲ.

ಇಲಿ ಮುಟ್ಟದಂತೆ ಮಾಡುವ ವಿದ್ಯೆಯೂ ನನಗೆ ಗೊತ್ತು. ಹೊಳೆಯಾಚೆ ಹೆದ್ದಾರಿಯ ಲಾರಿಯವರಿಗೆ ಎಷ್ಟೋ ಸಲ ಮಾಡಿಕೊಟ್ಟಿದ್ದೇನೆ. ಕೆಲವರು ಡಾಂಬರ್ ಗುಳಿಗೆ ಕಟ್ಟುತ್ತಾರೆ, ಕೆಲವರು ತಂಬಾಕಿನ ಎಲೆ ತುರುಕುತ್ತಾರೆ. ಅದೆಲ್ಲ ನಾಲ್ಕು ದಿನದ ಬೆರಗು, ವಾಸನೆ ಹೋದ ಮೇಲೆ ಇಲಿ ಅದರ ಮೇಲೇ ಗೂಡು ಕಟ್ಟುತ್ತದೆ. ನಿಜಕ್ಕೂ ತಡೆಯುವುದು ಎರಡೇ: ಉಕ್ಕಿನ ಹೆಣೆದ ಜಾಳಿಗೆ, ಮತ್ತು ಮೆಣಸಿನ ಖಾರ ಹಚ್ಚಿದ ಟೇಪು. ನಮ್ಮೂರೊಳಗೆ ಮಾತ್ರ ಅವೆರಡನ್ನೂ ಯಾರೂ ಬಳಸುವಂತಿಲ್ಲ. ಅಜ್ಜನ ಕಾಲದಲ್ಲಿ ಒಬ್ಬಾತ ಬೇವಿನೆಣ್ಣೆಯಲ್ಲಿ ನೆನೆಸಿದ ಮಿಣಿ ಕಟ್ಟಿ ಚಕ್ಕಡಿ ನಿಲ್ಲಿಸಿದ್ದನಂತೆ. ಅವನ ಮನೆಯಲ್ಲಿ ಬಾಣಂತಿ ಇದ್ದಳಂತೆ, ಕೂಸಿನ ಹೊಕ್ಕುಳಬಳ್ಳಿ ಇನ್ನೂ ಉದುರಿರಲಿಲ್ಲವಂತೆ. ಅಜ್ಜ ಅಲ್ಲಿಗೆ ಕತೆ ನಿಲ್ಲಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಮುಂದೇನಾಯಿತೆಂದು ಎಷ್ಟು ಪೀಡಿಸಿದರೂ ಹೇಳುತ್ತಿರಲಿಲ್ಲ.

ನನ್ನ ಹೆಂಡತಿ ಸುಭದ್ರಾಳಿಗೆ ಎರಡೂ ಕಿಡ್ನಿ ಹೋಗಿ ಒಂದು ವರ್ಷವಾಗಿತ್ತು. ಮಂಗಳವಾರ, ಶುಕ್ರವಾರ ಡಯಾಲಿಸಿಸ್. ಹೊಳೆ ದಾಟಿ, ಏರು ಹತ್ತಿ, ಒಂದು ತಾಸಿನ ದಾರಿಯ ಪಟ್ಟಣಕ್ಕೆ ಹೋಗಬೇಕು. ಕೈಯ ನರ ಸರಿಹೋಗದೆ ಅವಳ ಕತ್ತಿನ ಬಲಕ್ಕೆ ಒಂದು ಮೆತ್ತನೆಯ ನಳಿಗೆ ಕೂರಿಸಿದ್ದರು. ಅದಕ್ಕೆ ಎರಡು ಬಾಯಿ, ಒಂದಕ್ಕೆ ಕೆಂಪು ಮುಚ್ಚಳ, ಇನ್ನೊಂದಕ್ಕೆ ನೀಲಿ. ಮೊದಲ ದಿನ ನೋಡಿ, "ನಿನಗೂ ಪ್ಲಸ್ಸು ಮೈನಸ್ಸು ಹಾಕ್ಯಾರಲ್ಲ" ಎಂದಿದ್ದೆ. ಅವಳು ನಕ್ಕಿದ್ದಳು. ಹೊಳೆ ತುಂಬಿ ಹರಿದ ಒಂದು ಶುಕ್ರವಾರ ಹೋಗಲಾಗಲಿಲ್ಲ. ಎರಡನೆಯ ದಿನಕ್ಕೆ ಅವಳ ಮುಖ ಊದಿ ಕಣ್ಣು ಮುಚ್ಚಿಹೋದವು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ಬೆಳಗು ಮಾಡಿದಳು. ಮರುದಿನ ನೀರಿಳಿದು ಹೇಗೋ ಮುಟ್ಟಿಸಿದಾಗ ಡಾಕ್ಟರು, ಇನ್ನೊಮ್ಮೆ ತಪ್ಪಿಸಿದರೆ ಇಲ್ಲಿಗೆ ಕರೆತರುವ ಕೆಲಸವೇ ಇರುವುದಿಲ್ಲ ಎಂದಿದ್ದರು.

ಹಾಗಿರುವಾಗ ನನ್ನ ಗಾಡಿಯ ಪಾಳಿ ಗುರುವಾರಕ್ಕೆ ಬಿತ್ತು. ನನ್ನದು ಸೀಟಿನ ಕೆಳಗೆ ಎಂಜಿನ್ ಇರುವ ಹಳೆಯ ವ್ಯಾನು. ಗುರುವಾರ ತಿಂದರೆ ಶುಕ್ರವಾರ ಹೊರಡಲಾಗದು. ಪಾಳಿ ಅದಲುಬದಲು ಮಾಡುವ ಪದ್ಧತಿ ಇಲ್ಲ, ಆದರೆ ಒಂದು ದಿನದ ಮಟ್ಟಿಗೆ ಬೇರೆಯವರ ಗಾಡಿ ಕೇಳಬಹುದಿತ್ತು. ಕೇಳಿದ್ದರೆ ಕೊಡುತ್ತಿದ್ದರು ಕೂಡ. ಕೇಳಲು ನನಗೆ ಮನಸ್ಸು ಬರಲಿಲ್ಲ. ಊರಿನವರೆಲ್ಲ ವೈರಿಂಗಿಗೆ ನನ್ನ ಬಾಗಿಲಿಗೆ ಬರುತ್ತಾರೆ, ನಾನು ಅವರ ಬಾಗಿಲಿಗೆ ಹೋಗಿ ನಿಲ್ಲುವುದೇ ಎಂಬ ಸೊಕ್ಕು. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಬುಧವಾರ ಸಂಜೆ ಷೆಡ್ಡಿನ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕೂತೆ. ವ್ಯಾನಿನ ನಿಜವಾದ ವೈರುಗಳಿಗೆಲ್ಲ ಉಕ್ಕಿನ ಜಾಳಿಗೆ ತೊಡಿಸಿ, ಮೇಲೆ ಖಾರದ ಟೇಪು ಒತ್ತಾಗಿ ಸುತ್ತಿ, ಚೌಕಟ್ಟಿಗೆ ಅಂಟಿಸಿ ಕಟ್ಟಿದೆ. ಮೂಲೆಯಲ್ಲಿ ಬಿದ್ದಿದ್ದ ಗುಜರಿ ವೈರುಗಳನ್ನು ಕಂತೆ ಮಾಡಿ ಅದರ ಮೇಲೆ ತೋರಣದ ಹಾಗೆ ಹರಡಿ, ಬೆಲ್ಲದ ನೀರು ಎರಡು ಪಟ್ಟು ಸವರಿದೆ. ನೋಡಿದವರಿಗೆ ಅದೇ ನಿಜವಾದ ವೈರಿಂಗ್. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ತಿಳಿಯುವುದಿಲ್ಲ ಅಂದುಕೊಳ್ಳುತ್ತದಂತೆ. ನಾನೂ ಅದೇ ಜಾತಿಯವನು. ಗುರುವಾರ ಒಂದರ ಭೋಂಗಾ ಆದ ಮೇಲೆ ಹೋಗಿ ನೋಡಿದರೆ ಗುಜರಿ ಕಂತೆಯನ್ನು ಅರ್ಧ ತಿಂದು, ಅರ್ಧ ಹಾಗೇ ಬಿಟ್ಟಿದ್ದವು. ರುಚಿ ನೋಡಿ ಬಿಟ್ಟದ್ದು ಕಂಡಿದ್ದೆ, ಹೀಗೆ ಉಣ್ಣುವ ನಡುವೆ ಎದ್ದು ಹೋದ ಎಡೆ ನಾನು ಎಂದೂ ನೋಡಿರಲಿಲ್ಲ. ಆದರೂ ಗೆದ್ದೆ ಎಂದುಕೊಂಡೆ.

ಶುಕ್ರವಾರ ಸುಭದ್ರಾ ವ್ಯಾನು ಹತ್ತಿದವಳೇ ನಾಲ್ಕು ಸೀನು ಸೀನಿದಳು. "ಗಾಡ್ಯಾಗ ಯಾರು ಮೆಣಸಿನಕಾಯಿ ಹುರಿದಾರ?" ಎಂದು ಕೇಳಿದಳು. ಯಾವುದೋ ಗಿರಾಕಿಯ ಸಾಮಾನು ಎಂದು ಹೇಳಿ ಗೇರು ಬದಲಿಸಿದೆ. ಡಯಾಲಿಸಿಸ್ ಮುಗಿಸಿಕೊಂಡು ಸುಖವಾಗಿ ಬಂದೆವು.

ಅಂದಿನ ಎಡೆಗಾಡಿ ಹುಸೇನಸಾಬನ ಸೋಡಾ ರಿಕ್ಷಾ. ಅದನ್ನು ಇಲಿಗಳು ಮುಟ್ಟಿರಲಿಲ್ಲ. ಬೆಲ್ಲದ ನೀರಿಗೆ ಇರುವೆ ಮುತ್ತಿದ್ದವು, ವೈರಿಗೆ ಒಂದು ಹಲ್ಲಿನ ಗುರುತೂ ಇರಲಿಲ್ಲ. ಅವನು ಮೊದಲು ಹಿಗ್ಗಿದ, ಪುಕ್ಕಟೆ ಪಾರಾದೆನೆಂದು ನನಗೆ ಚಹಾ ಕುಡಿಸಿದ. ಸಂಜೆಗೆ ರಿಕ್ಷಾ ಚಾಲೂ ಮಾಡದೆ ತಳ್ಳಿಕೊಂಡೇ ಮನೆಗೆ ಹೋದನಂತೆ. ಶನಿವಾರದ ಜೀಪು ಹಾಗೇ ಉಳಿಯಿತು. ಭಾನುವಾರದ ಟ್ರ್ಯಾಕ್ಟರ್ ಹಾಗೇ ಉಳಿಯಿತು. ಅಲ್ಲಿಗೆ ಊರು ಗಾಡಿ ಹತ್ತುವುದನ್ನು ಬಿಟ್ಟಿತು. ಅವು ಅಂಗಳದಲ್ಲಿ ತಿನ್ನುತ್ತಿಲ್ಲವೆಂದರೆ ಮತ್ತೆಲ್ಲಿ ತಿನ್ನುತ್ತಿವೆ ಎಂಬುದೊಂದೇ ಎಲ್ಲರ ಪ್ರಶ್ನೆ. ಗಾಡಿಗಳನ್ನು ತಳ್ಳಿಕೊಂಡು ಬಂದು, ಬಾನೆಟ್ ಎತ್ತಿ ನನ್ನ ಷೆಡ್ಡಿನ ಮುಂದೆ ಸಾಲು ನಿಂತರು. ಒಂದೊಂದೇ ವೈರು ಬೆರಳಲ್ಲಿ ಸವರಿ ನೋಡಿದೆ, ಎಲ್ಲವೂ ಸರಿಯಿದ್ದವು. ಸರಿ ಇದೆ ಎಂದು ಹೇಳಿದಷ್ಟೂ ಅವರ ಮುಖ ಬಾಡುತ್ತಿತ್ತು. "ಎಲ್ಲ್ಯಾರ ಒಂದ ಕಡೆ ಕಡದಿದ್ರ ಜೀವಕ್ಕ ಸಮಾಧಾನ ಆಗ್ತಿತ್ರೀ ಮೇಸ್ತ್ರಿ," ಎಂದ ಜೀಪಿನವನು.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ನನಗೆ ಮಾತ್ರ ಅವು ಎಲ್ಲಿವೆಯೆಂದು ಶನಿವಾರವೇ ಗೊತ್ತಾಗಿತ್ತು. ಅಂದು ಒಂದರ ಭೋಂಗಾ ಆದ ಮೇಲೆ ಮನೆಯ ಬಾಗಿಲು ತೆರೆದರೆ, ಹೊಸ್ತಿಲ ಮೇಲೆ, ಸುಭದ್ರಾ ಬೆಳಿಗ್ಗೆ ಹಾಕಿದ ರಂಗೋಲಿ ಕೆಡದ ಹಾಗೆ, ನನ್ನ ಗುಜರಿ ಕಂತೆಯ ತುಂಡುಗಳಿದ್ದವು. ತಿಂದದ್ದನ್ನೂ ಕಾರಿಕೊಂಡು ತಂದಿಟ್ಟಂತೆ, ಸಣ್ಣ ಸಣ್ಣ ತುಂಡು, ಒಂದರ ಪಕ್ಕ ಒಂದು. ಅವಳು ಮಧ್ಯಾಹ್ನದ ನಿದ್ದೆಯಿಂದ ಏಳುವುದರೊಳಗೆ ಗುಡಿಸಿ ಚರಂಡಿಗೆ ಚೆಲ್ಲಿದೆ. ಭಾನುವಾರ ತುಂಡುಗಳು ಹೊಸ್ತಿಲು ದಾಟಿ ಒಳಗೆ, ನೀರಿನ ಕೊಡದ ಬಳಿ ಇದ್ದವು. ನನ್ನ ಮನೆಯ ಬಾಗಿಲ ಕೆಳಗೆ ಬೆರಳು ತೂರುವಷ್ಟೂ ಸಂದಿಲ್ಲ.

ಸೋಮವಾರ ಹನ್ನೆರಡರ ಭೋಂಗಾ ಆಯಿತು. ಉಂಡು, ಕಿಟಕಿ ಹಾಕಿ, ಸುಭದ್ರಾ ಮಲಗಿದಳು. ನಾನು ಪಕ್ಕದಲ್ಲಿ ಎಚ್ಚರ ಕೂತಿರಬೇಕೆಂದುಕೊಂಡವನು ಎರಡು ರಾತ್ರಿಯ ನಿದ್ದೆಗೇಡಿನಿಂದ ತೂಕಡಿಸಿಬಿಟ್ಟೆ. ಎಚ್ಚರವಾದದ್ದು ಸಣ್ಣ ಸಪ್ಪಳಕ್ಕೆ, ಬಟ್ಟೆಯ ಎಳೆ ಹರಿಯುವ ಸಪ್ಪಳಕ್ಕೆ. ತಲೆದಿಂಬಿನ ಮೇಲೆ, ಅವಳ ಕಿವಿಯ ಹತ್ತಿರ, ಒಂದು ಇಲಿ ಕೂತಿತ್ತು. ಕತ್ತಿನ ನಳಿಗೆಗೆ ಕಟ್ಟಿದ್ದ ಬಟ್ಟೆಯ ಪಟ್ಟಿ ಅರ್ಧ ಹರಿದು ಎಳೆಗಳು ದಿಂಬಿನ ಮೇಲೆ ಬಿದ್ದಿದ್ದವು. ಕೆಂಪು ಮುಚ್ಚಳ, ನೀಲಿ ಮುಚ್ಚಳ ಎರಡೂ ಹೊರಗೆ ಕಾಣುತ್ತಿದ್ದವು. ಇಲಿ ನಳಿಗೆಯನ್ನು ಕಚ್ಚಿರಲಿಲ್ಲ. ಎರಡೂ ಮುಂಗಾಲುಗಳನ್ನು ಅದರ ಮೇಲೆ ಇಟ್ಟುಕೊಂಡು, ನಾನು ಏಳಲೆಂದೇ ಕಾದಿತ್ತೇನೋ ಎಂಬಂತೆ ನನ್ನನ್ನು ನೋಡುತ್ತಿತ್ತು. ಹೊಡೆಯಲು ಕೈ ಎತ್ತಿದರೆ ಅದು ಕಚ್ಚಬಹುದು. ಕಚ್ಚಿದರೆ ಒಂದು ನಿಮಿಷದಲ್ಲಿ ಅವಳ ರಕ್ತವೆಲ್ಲ ದಿಂಬಿಗೆ ಹರಿಯುತ್ತದೆ. ಎರಡೂ ಕೈ ಜೋಡಿಸಿ, "ಕೊಡ್ತೀನಿ. ನಾಳೆ ಕೊಡ್ತೀನಿ," ಎಂದೆ. ಅದು ಇನ್ನೂ ಸ್ವಲ್ಪ ಹೊತ್ತು ನೋಡಿತು. ಆಮೇಲೆ ಅವಳ ಕೂದಲು ದಾಟಿ, ಮಂಚದ ಕಾಲು ಇಳಿದು, ಗೋಡೆಯ ಹತ್ತಿರ ಎಲ್ಲಿ ಹೋಯಿತೋ ಕಾಣಲಿಲ್ಲ.

ಒಂದರ ಭೋಂಗಾ ಆಗುತ್ತಲೇ ಓಡಿ ಹೋಗಿ ಚಂಪವ್ವನ ಮುಂದೆ ನಿಂತು ಎಲ್ಲ ಹೇಳಿದೆ. ಅವಳು ಭೋಂಗಾದ ಹಗ್ಗ ಕೈಯಲ್ಲಿ ಹಿಡಿದೇ ಕೇಳಿದಳು. ಬಯ್ಯಲಿಲ್ಲ. "ನನಗ ಹೇಳಿದ್ದು ಆತು, ಮೌನೇಶಾ. ಊರಿಗೆ ನೀನ ಹೇಳು," ಎಂದಳು.

ಸಂಜೆ ಅಂಗಳದಲ್ಲಿ ಊರು ಸೇರಿತು. ಹೇಳಿದೆ. ಯಾರೂ ಕೈ ಮಾಡಲಿಲ್ಲ, ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿದರು ಅಷ್ಟೇ. ಅದಕ್ಕಿಂತ ನಾಲ್ಕು ಏಟು ಹೊಡೆದಿದ್ದರೆ ಚೆನ್ನಾಗಿತ್ತು. ಹುಸೇನಸಾಬ ಮಾತ್ರ, "ನಾಕ ದಿನ ಆತೋ ಮಾರಾಯ, ನನ್ನ ಹುಡುಗೂರನ್ನ ರಿಕ್ಷಾದಾಗ ಕುಂದರಸಿಲ್ಲ. ರಾತ್ರಿ ಎದ್ದೆದ್ದು ವೈರ್ ಮುಟ್ಟಿ ಮುಟ್ಟಿ ನೋಡ್ತೀನಿ. ಇದು ನಿನ್ನ ಕೆಲಸೇನು?" ಎಂದ. ತಲೆ ತಗ್ಗಿಸಿದೆ. ಆಮೇಲೆ, ಯಾವತ್ತೂ ಕೇಳಬಾರದೆಂದುಕೊಂಡಿದ್ದನ್ನು ಕೇಳಿದೆ. "ನಾಳೆ ಸುಭದ್ರಾಗ ಡಯಾಲಿಸಿಸ್ ಐತಿ. ಯಾರಾರ ಒಂದು ಗಾಡಿ ಕೊಡ್ರಿ."

ಯಾರೂ ಮುಂದೆ ಬರಲಿಲ್ಲ. ಸಿಟ್ಟಿಗಲ್ಲ, ಹೆದರಿಕೆಗೆ. ಜೀಪಿನವನು ಕೊನೆಗೆ, "ಕೊಡಾಕ ಅಡ್ಡಿ ಇಲ್ರೀ. ಏರಿನ್ಯಾಗ ನಿಂತ್ರ? ತಂಗಿ ಜೀವ ನನ್ನ ತಲಿಮ್ಯಾಲೆ ಬರ್ತೈತಿ," ಎಂದ. ಅವನದು ಸುಳ್ಳಲ್ಲ. ಆ ದಿನ ಊರಲ್ಲಿ ಯಾರಿಗೂ ತಮ್ಮ ಗಾಡಿಯ ಮೇಲೆ ನಂಬಿಕೆ ಉಳಿದಿರಲಿಲ್ಲ, ಅದನ್ನು ಕಳೆದವನು ನಾನೇ.

ಚಂಪವ್ವ ಪಾಳಿಯ ಬೋರ್ಡಿನ ಮೇಲಿದ್ದ ಮಂಗಳವಾರದ ಹೆಸರು ಸೆರಗಿನಿಂದ ಒರೆಸಿ ನನ್ನ ಹೆಸರು ಬರೆದಳು. "ಪೂರಾ ವೈರಿಂಗ್ ಮಾಡಾಕ ಎರಡ ದಿನ ಬೇಕು, ಗೊತ್ತೈತಿ. ಬರೇ ಓಡಾಕ ಏನ ಬೇಕು ಹೇಳು," ಎಂದಳು. ಬೆರಳು ಮಡಚಿ ಎಣಿಸಿದೆ. ಬ್ಯಾಟರಿಯಿಂದ ಸ್ಟಾರ್ಟರಿಗೆ ಒಂದು, ಕೀಲಿಯಿಂದ ಕಿಡಿ ಕೊಡುವ ಕಾಯಿಲ್ಲಿಗೆ ಒಂದು, ಬರುವಾಗ ಕತ್ತಲಾದರೆ ಒಂದು ದೀಪಕ್ಕೆ. ಇಡೀ ಕಂತೆಯಲ್ಲಿ ಜೀವ ಇರುವುದು ಮೂರೇ ವೈರಿನಲ್ಲಿ. ಒಂದಕ್ಕೆ ಭೋಂಗಾ, ಮೂರಕ್ಕೆ ಆಸ್ಪತ್ರೆಯ ಸರದಿ. "ಹಂಗಾರ ಆಗ್ತೈತಿ, ಹೋಗು," ಎಂದಳು.

ಮಂಗಳವಾರ ನಸುಕಿನಲ್ಲೇ ಎದ್ದು ಜಾಳಿಗೆ ಬಿಚ್ಚಿದೆ, ಟೇಪು ಸುಲಿದೆ. ಅಂಟು ಹೋಗಲಿಲ್ಲ. ಸಾಬೂನು ನೀರಿನಲ್ಲಿ ಒಂದೊಂದು ವೈರನ್ನೂ ಮಗುವಿನ ಮೈ ತೊಳೆದಂತೆ ತೊಳೆದೆ. ಖಾರಕ್ಕೆ ಅಂಗೈ ಉರಿದು ಊದಿತು, ಕಣ್ಣು ಒರೆಸಿಕೊಂಡು ಇನ್ನಷ್ಟು ಉರಿಸಿಕೊಂಡೆ. ಸುಭದ್ರಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ರಾತ್ರಿಯೇ ಅವಳಿಗೆ ಎಲ್ಲ ಹೇಳಿದ್ದೆ. "ನನ್ನ ಸಲುವಾಗಿ ಮಾಡಿದ್ರಿ ಅಂತ ಮಾತ್ರ ಹೇಳಬ್ಯಾಡ್ರಿ," ಎಂದಿದ್ದಳು. "ಕೇಳಾಕ ನಾಚಿಕಿ ಬಂದು ಮಾಡಿದ್ರಿ." ಅವಳು ಹೇಳಿದ್ದು ಸರಿಯಾಗಿತ್ತು. ಹನ್ನೊಂದೂವರೆಗೆ ಅವಳೇ ಹಿತ್ತಾಳೆಯ ಬಟ್ಟಲಲ್ಲಿ ಬೆಲ್ಲ ಕಲಸಿ ಕೊಟ್ಟಳು. ವ್ಯಾನನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಸೀಟು ಎತ್ತಿ ಎಂಜಿನ್ ತೆರೆದಿಟ್ಟು ಬಂದೆ.

ಆ ಒಂದು ತಾಸು ನಾನು ಅವಳ ತಲೆಯ ಬಳಿ ಕೂತು, ಅವಳ ಕತ್ತಿನ ಮೇಲೆ ಊದಿದ ಅಂಗೈ ಬೋರಲಿಟ್ಟುಕೊಂಡಿದ್ದೆ. ಹೊರಗೆ ಬೀದಿಯಲ್ಲಿ ಕಾಳು ಸುರಿದಂತೆ ಸಪ್ಪಳ ಹಾದುಹೋಯಿತು. ಮನೆಯ ಮುಂದೆ ಬಂದಾಗ ಅದು ಒಂದು ಗಳಿಗೆ ನಿಂತಿತು. ನನ್ನ ಕೈಯ ಕೆಳಗೆ ಅವಳ ನಾಡಿ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಸಪ್ಪಳ ಗಿರಣಿಯ ಕಡೆ ಸರಿಯಿತು.

ಭೋಂಗಾ ಮುಗಿಯುವ ಮೊದಲೇ ನಾನು ಅಂಗಳದಲ್ಲಿದ್ದೆ. ವ್ಯಾನು ಪೂರ್ತಿ ಬೋಳಾಗಿತ್ತು. ಒಂದೆಳೆ ಬಿಟ್ಟಿರಲಿಲ್ಲ, ನೆಲಕ್ಕೆ ಒಂದು ಚೂರು ಬೀಳಿಸಿರಲಿಲ್ಲ. ಇಪ್ಪತ್ತೆಂಟು ವರ್ಷದ ಕಸುಬಿನಲ್ಲಿ ತಿಂದ ಗಾಡಿ ನೋಡಿ ನಾನು ಅತ್ತದ್ದು ಅದೊಂದೇ ಸಲ. ಊರವರು ಒಬ್ಬೊಬ್ಬರೇ ಬಂದು ದೂರದಿಂದ ಇಣುಕಿ, ಎದೆಯ ಮೇಲೆ ಕೈಯಿಟ್ಟುಕೊಂಡು ಉಸಿರು ಬಿಟ್ಟರು. ಹುಸೇನಸಾಬ ಹತ್ತಿರ ಬಂದು ಕೂತು, ನಾನು ಕೈ ಚಾಚಿದಾಗ ಇಕ್ಕಳ, ಕೈ ಚಾಚಿದಾಗ ವೈರು ಕೊಡತೊಡಗಿದ. ಉರಿಯುವ ಬೆರಳಿಗೆ ತಾಮ್ರದ ಎಳೆ ಸಿಗುತ್ತಿರಲಿಲ್ಲ. ನಲವತ್ತು ನಿಮಿಷದಲ್ಲಿ ಮೂರು ವೈರು ಎಳೆದೆ. ಬೆಸುಗೆಗೆ ಹೊತ್ತಿರಲಿಲ್ಲ, ತಿರುವಿ ಬಿಟ್ಟೆ. ಟೇಪು ಸುತ್ತಲು ಕೈ ಬರಲಿಲ್ಲ. ಕೀಲಿ ತಿರುಗಿಸಿದರೆ ಎರಡನೆಯ ಸಲಕ್ಕೆ ಹತ್ತಿಕೊಂಡಿತು. ಸೀಟು ಇಳಿಸಿ ಸುಭದ್ರಾಳನ್ನು ಕೂರಿಸಿಕೊಂಡು ಹೊರಟೆ.

ಹೊಳೆಯ ಸೇತುವೆ ದಾಟಿ ಏರು ಹತ್ತುವಾಗ ಅವಳ ಸೀಟಿನ ಕೆಳಗೆ ಕರಕರ ಸಪ್ಪಳ ಕೇಳಿತು. ನಿಂತಿತು. ಮತ್ತೆ ಕೇಳಿತು.

"ಏನ್ರೀ ಅದು?"

"ಬೆಲ್ಟ್ ಸಪ್ಪಳ."

"ಬೆಲ್ಟಿಗೆ ಉಗುರು ಇರ್ತಾವೇನು?" ಎಂದಳು ಸುಭದ್ರಾ.

ಆಗ ನೆನಪಾಯಿತು. ಅವಸರದಲ್ಲಿ ಮೂರು ಸಲ ಬಡಿದಿರಲಿಲ್ಲ. ಇಳೀರಿ ಎಂದಿರಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಮರೆಯದಿದ್ದವನು ಅಂದು ಮರೆತಿದ್ದೆ. ಒಳಗೆ ಒಂದು ಉಳಿದುಕೊಂಡಿತ್ತು, ಮತ್ತು ಅದರ ಬಾಯಿಗೆ ಒಂದು ಗೇಣು ದೂರದಲ್ಲಿ ಟೇಪಿಲ್ಲದ ಕಾಯಿಲ್ ವೈರಿತ್ತು. ಒಂದು ಸಲ ಕಚ್ಚಿದರೆ ಸಾಕು, ಈ ಏರಿನಲ್ಲಿ, ಒಂದು ಮರದ ನೆರಳೂ ಇಲ್ಲದ ಕಡೆ, ಎಂಜಿನ್ ನಿಲ್ಲುತ್ತದೆ. ಸುಭದ್ರಾಳ ಕಾಲು ಆಗಲೇ ಊದಿತ್ತು, ಮಾತಿನ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದಳು.

ವ್ಯಾನು ನಿಲ್ಲಿಸಿ ಮೂರು ಸಲ ಬಡಿದು "ಇಳೀರಿ, ಊರ ಬಂತು" ಎಂದರೆ ಅದು ಇಳಿದುಹೋಗುತ್ತಿತ್ತು. ಬ್ರೇಕಿನ ಮೇಲೆ ಕಾಲಿಟ್ಟೆ ಕೂಡ. ಆದರೆ ಊರು ಎಲ್ಲಿ ಬಂದಿತ್ತು? ಒಂದು ಸಲ ಗುಜರಿ ಕಂತೆ ತೋರಿಸಿ ಸುಳ್ಳಾಡಿದವನು, ಈಗ ಬೆಟ್ಟದ ನಡುವೆ ನಿಂತು ಊರು ಬಂತೆಂದು ಇನ್ನೊಂದು ಸುಳ್ಳು ಹೇಳಬೇಕು. ನಿನ್ನೆ ಇಲಿ ಅವಳ ನಳಿಗೆಯ ಮೇಲೆ ಕಾಲಿಟ್ಟು ಕೂತಿದ್ದ ರೀತಿ ಕಣ್ಣಿಗೆ ಕಟ್ಟಿತು. ಬ್ರೇಕಿನಿಂದ ಕಾಲು ತೆಗೆದೆ. ಉಳಿದ ಅಷ್ಟೂ ದಾರಿ ಇಬ್ಬರೂ ಸೀಟಿನ ಕೆಳಗಿನ ಸಪ್ಪಳವನ್ನೇ ಕೇಳುತ್ತಾ ಹೋದೆವು.

ಮೂರಕ್ಕೆ ಐದು ನಿಮಿಷವಿರುವಾಗ ಆಸ್ಪತ್ರೆ ಮುಟ್ಟಿದೆವು. ಅವಳನ್ನು ಒಳಗೆ ಕಳಿಸಿ ಬಂದು ಸೀಟು ಎತ್ತಿ ನೋಡಿದೆ. ಬ್ಯಾಟರಿಯ ಮಗ್ಗುಲಲ್ಲಿ, ಬಿಸಿಯಿಲ್ಲದ ಮೂಲೆಯಲ್ಲಿ ಅದು ಕೂತಿತ್ತು. ಹೊಟ್ಟೆ ತುಂಬಿ ಗುಂಡಗಾಗಿತ್ತು. ಅದರ ಕೆಳಗೆ ಸುಭದ್ರಾಳ ಕತ್ತಿನ ಪಟ್ಟಿಯ ಎಳೆಗಳ ಹಾಸಿಗೆಯಿತ್ತು. ಕಾಯಿಲ್ ವೈರು ಅದರ ಮೀಸೆಗೆ ತಾಗುತ್ತಿತ್ತು, ಕಡಿದಿರಲಿಲ್ಲ.

ಪಕ್ಕದಲ್ಲಿ ನಿಂತಿದ್ದ ಆಂಬುಲೆನ್ಸಿನ ಡ್ರೈವರ್ ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ. "ಅಯ್ಯ, ಇಲಿ! ನನ್ನ ಗಾಡಿಗೂ ಇದ ಕಾಟ ಇತ್ತು. ತಡೀರಿ, ಪಾಷಾಣದ ಬಿಸ್ಕೀಟ ಐತಿ, ಒಂದ ಹಾಕಿದ್ರ ಮುಗೀತು," ಎಂದ.

"ಬ್ಯಾಡ್ರೀ."

"ಯಾಕ್ರೀ? ವೈರ್ ಕಡದ್ರ ಪೇಶಂಟ್ ಹೆಂಗ ಒಯ್ತೀರಿ?"

ಅವನು ಬಿಸ್ಕೀಟು ತಂದೇಬಿಟ್ಟ, ಒಳ್ಳೆಯ ಮನುಷ್ಯ. ಅವನ ಕೈ ಹಿಡಿದು ಹಿಂದೆ ತಳ್ಳಬೇಕಾಯಿತು. ನನಗೆ ತಲೆ ಕೆಟ್ಟಿದೆಯೆಂದು ಆಚೆ ಹೋಗಿ ಆಸ್ಪತ್ರೆಯ ಕಾವಲುಗಾರನಿಗೆ ಹೇಳಿದ, ಇಬ್ಬರೂ ನನ್ನ ಕಡೆ ನೋಡಿ ನಕ್ಕರು. ಆಸ್ಪತ್ರೆಯ ಹಿಂದೆ ಎರಡು ಬೆಕ್ಕುಗಳಿದ್ದವು, ವಾಸನೆ ಹಿಡಿದು ಬಂದವು. ಕಲ್ಲು ತೂರಿ ಓಡಿಸಿದೆ. ನಾಲ್ಕು ತಾಸು ನಾನು ಆ ಸೀಟಿಗೆ ಅಡ್ಡ ನಿಂತಿದ್ದೆ. ಇಲಿಯಿಂದ ವೈರು ಕಾಯುವುದು ನನ್ನ ಕಸುಬು. ಅಂದು ಇಲಿಯನ್ನೇ ಕಾದೆ. ಅದು ಸತ್ತರೆ ನಾಳೆಯ ಮಧ್ಯಾಹ್ನ ನನ್ನ ಮನೆಗೆ ಏನು ಬರುತ್ತದೆಂದು ಯೋಚಿಸಲೂ ಧೈರ್ಯವಾಗಲಿಲ್ಲ.

ಏಳಕ್ಕೆ ಸುಭದ್ರಾ ಹೊರಗೆ ಬಂದಳು. ಮುಖ ಇಳಿದಿತ್ತು, ತುಟಿಗೆ ಬಣ್ಣ ಬಂದಿತ್ತು. ಹತ್ತುವ ಮೊದಲು, "ಐತೇನು?" ಎಂದಳು. ಇದೆ ಎಂದೆ. "ಹಂಗಾರ ತೆಗ್ಗಿನ್ಯಾಗ ನಿಧಾನ ಹೊಡೀರಿ," ಎಂದು ಕಾಲು ಮೇಲೆತ್ತಿ ಕೂತಳು. ಒಂದೇ ದೀಪದಲ್ಲಿ, ಇಳಿಜಾರಿನಲ್ಲಿ ಕ್ಲಚ್ಚು ಒತ್ತುತ್ತಾ ಬಿಡುತ್ತಾ, ಸೇತುವೆ ದಾಟಿದೆವು.

ಮನೆಗೆ ಹೋಗದೆ ನೇರ ಗಿರಣಿಯ ಅಂಗಳಕ್ಕೆ ಹೋದೆ. ಚಂಪವ್ವ ಜಗಲಿಯ ಮೇಲೆ ಕೂತಿದ್ದಳು. ಎಂಜಿನ್ ನಿಲ್ಲಿಸಿ, ಸೀ‌ಟು ಎತ್ತಿ, ಮೂರು ಸಲ ಬಡಿದೆ. "ಇಳೀರಿ, ಊರ ಬಂತು," ಎಂದೆ.

ಅದು ಅಲುಗಲಿಲ್ಲ. ತಲೆ ಎತ್ತಿ ನನ್ನನ್ನು ನೋಡಿತು, ಮತ್ತೆ ಮೂತಿ ಕೆಳಗಿಟ್ಟಿತು. ಇನ್ನೊಮ್ಮೆ ಬಡಿದೆ, ಗಟ್ಟಿಯಾಗಿ ಹೇಳಿದೆ. ಈ ಸಲ ಊರು ನಿಜಕ್ಕೂ ಬಂದಿತ್ತು, ಅದು ನನ್ನನ್ನು ನಂಬಲಿಲ್ಲ.

"ನಿಂದು ಆಗೂದಿಲ್ಲ ಬಿಡು," ಎಂದಳು ಚಂಪವ್ವ ಜಗಲಿಯಿಂದ.

ಸುಭದ್ರಾ ನನ್ನನ್ನು ಸರಿಸಿ ಮುಂದೆ ಬಂದಳು. ಹೊಸ ಪಟ್ಟಿ ಕಟ್ಟಿದ ಕತ್ತನ್ನು ಒಂದು ಕೈಯಿಂದ ಹಿಡಿದುಕೊಂಡು ಬಗ್ಗಿ, ಬೆರಳ ಗೆಣ್ಣಿನಿಂದ ಮೆಲ್ಲಗೆ ಮೂರು ಸಲ ತಟ್ಟಿದಳು. "ಇಳಿಯಪ್ಪಾ, ಊರ ಬಂತು," ಎಂದಳು. ಇಲಿ ಎದ್ದಿತು. ಎಳೆಗಳ ಹಾಸಿಗೆಯಿಂದ ಒಂದೆಳೆ ಬಾಯಲ್ಲಿ ಕಚ್ಚಿಕೊಂಡು, ಚಕ್ರದ ಮೇಲಿಂದ ನೆಲಕ್ಕಿಳಿದು, ಅವಳ ಪಾದದ ಪಕ್ಕದಲ್ಲೇ ನಡೆದು ಗಿರಣಿಯ ಕತ್ತಲೆಗೆ ಹೋಯಿತು.

ಮರುದಿನದಿಂದ ಅವು ಮತ್ತೆ ಅಂಗಳದಲ್ಲಿ ತಿನ್ನತೊಡಗಿದವು, ಊರು ಮತ್ತೆ ಗಾಡಿ ಹತ್ತಿತು. ಹುಸೇನಸಾಬ ಮಕ್ಕಳನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ನನ್ನ ಷೆಡ್ಡಿನ ಮುಂದೆ ಹಾದುಹೋದ. ವೈರಿಂಗ್ ಕೆಲಸವೂ ನನಗೇ ಬರುತ್ತದೆ, ನನ್ನ ಕೈಕೆಲಸದಲ್ಲಿ ಜನ ತಪ್ಪು ಹುಡುಕುವುದಿಲ್ಲ. ಆದರೆ ನಾನು ಬಡಿದರೆ ಯಾವ ಗಾಡಿಯಿಂದಲೂ ಯಾವ ಇಲಿಯೂ ಇಳಿಯುವುದಿಲ್ಲ. ಚಂಪವ್ವ ಬಡಿದು ನೋಡಿದಳು, ಹುಸೇನಸಾಬ ಬಡಿದು ನೋಡಿದ, ನನ್ನ ಕೈ ಮುಟ್ಟಿದ ಗಾಡಿಯೆಂದರೆ ಅವು ಯಾರ ಮಾತನ್ನೂ ಕೇಳುವುದಿಲ್ಲ. ಸುಭದ್ರಾಳದನ್ನು ಮಾತ್ರ ಕೇಳುತ್ತವೆ. ಹಾಗಾಗಿ ಗಾಡಿ ಹೊರಡುವ ಹೊತ್ತಿಗೆ ಅವಳು ಕೋಲೂರಿಕೊಂಡು ಅಂಗಳಕ್ಕೆ ಬರುತ್ತಾಳೆ. ಊರವರು ದಾರಿ ಬಿಟ್ಟು ನಿಲ್ಲುತ್ತಾರೆ. ಅವಳ ಆರೋಗ್ಯ ಹೇಗಿದೆಯೆಂದು ಈಗ ಊರೆಲ್ಲ ಕೇಳುತ್ತದೆ, ಕೇಳುವಾಗ ಅವರ ಕಣ್ಣಲ್ಲಿ, ಅವಳಿಲ್ಲದ ದಿನ ಇಲಿ ಇಳಿಸುವವರಾರು ಎಂಬ ಹೆದರಿಕೆ ಕಾಣುತ್ತದೆ. ಮಂಗಳವಾರ, ಶುಕ್ರವಾರ ನಾನು ಕೇಳದಿದ್ದರೂ ಯಾರಾದರೂ ಒಬ್ಬರು ಗಾಡಿ ತಂದು ಬಾಗಿಲಿಗೆ ನಿಲ್ಲಿಸಿರುತ್ತಾರೆ. ಈ ತಿಂಗಳು ಅವಳಿಗೆ ಮೂರು ಸಲ ತಟ್ಟಲು ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಳ್ಳಬೇಕಾಗುತ್ತಿದೆ. ನಿನ್ನೆ ಎರಡು ಸಲ ನಿಂತಳು.